ಅರ್ಧ ಇಂಚಿನ ಪೊರೆ

ಒಂದು ಸಲ ನಾನು ಇರುವೆಯ ಎದೆಬಡಿತವನ್ನು ಅಳೆದಿದ್ದೇನೆ. ಇರುವೆ ಇದ್ದದ್ದು ಸ್ಪೆನ್ಸರ್ ಕೊಲ್ಲಿಯ ಆ ದಡದಲ್ಲಿ. ನಾನೂ ನನ್ನ ಮೈಕೂ ಈ ದಡದಲ್ಲಿ. ನಡುವೆ ಎಂಬತ್ತು ಕಿಲೋಮೀಟರ್ ಉಪ್ಪುನೀರು. ಬಡಿತವೇನೋ ಚೆನ್ನಾಗಿಯೇ ಇತ್ತು, ಆದರೆ ಪ್ರಾಣಿಗೆ ಸ್ವಲ್ಪ ಬಿ.ಪಿ. ಇದ್ದಂತೆ ಕಂಡಿತು. ಅಡಿಲೇಡಿನಿಂದ ಡಾರ್ವಿನ್‌ವರೆಗೆ ಶಬ್ದ ಅಳೆಯುವ ಕಸುಬಿನವರನ್ನು ಯಾರನ್ನಾದರೂ ಕೇಳಿ ನೋಡಿ, ಮರ್ವ್ ಪೆಡ್ಲರನ ಕೈಗೆ ಸಮನಾದ ಕೈ ಇನ್ನೊಂದಿಲ್ಲ ಎನ್ನುತ್ತಾರೆ. ಎನ್ನದಿದ್ದರೆ ಅದು ಅವರ ಹೊಟ್ಟೆಕಿಚ್ಚು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ನಿಲ್ಲಿಸಿದ ಮೈಕುಗಳನ್ನು ಒಂದರ ತಲೆಯ ಮೇಲೊಂದು ಇಟ್ಟರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ಲೋಟ ಬಿಯರ್ ಕುಡಿದು, ಕತ್ತಲಾಗುವುದರೊಳಗೆ ಇಳಿದು ಬರಬಹುದು. ಅಂಥ ನಾನು, ಆಗಸ್ಟ್ ಕೊನೆಯ, ನಮ್ಮಲ್ಲಿ ಚಳಿಗಾಲ ಮುಗಿಯುವ ಹೊತ್ತಿನ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಬುರಾ ಊರಿನಿಂದ ಉತ್ತರಕ್ಕೆ ನೊಸ್ಕೆಯವರ ಮನೆಯ ಹಿಂದಿನ ಹುಲ್ಲಿನಲ್ಲಿ ಮೊಣಕಾಲೂರಿ ಕೂತು ಒಂದು ಸಂಖ್ಯೆಯನ್ನು ನೋಡುತ್ತಿದ್ದೆ. ತೊಂಬತ್ತೆರಡು ಪಾಯಿಂಟ್ ನಾಲ್ಕು.

ತೊಂಬತ್ನಾಲ್ಕು ಇರಬೇಕಿತ್ತು. ವಿಷಯ ಇಷ್ಟೇ: ಅಳತೆಯ ಮೈಕು ಅಂದರೆ ಹಾಡುವವರು ಬಾಯಿಗೆ ಹಿಡಿಯುವ ಬದನೆಕಾಯಿಯಲ್ಲ. ಅರ್ಧ ಇಂಚು ಅಗಲದ ಲೋಹದ ತುಂಡು, ಅದರ ತುದಿಗೆ ತಮಟೆಗೆ ಚರ್ಮ ಬಿಗಿದ ಹಾಗೆ ಬಿಗಿದ ನಿಕ್ಕಲ್ಲಿನ ಪೊರೆ, ಪೊರೆಯನ್ನು ಕಾಯಲು ಸಣ್ಣ ಸೀಳುಗಳಿರುವ ಜಾಲರಿ ಮುಚ್ಚಳ, ಎಲ್ಲದರ ಮೇಲೆ ಗಾಳಿ ತಡೆಯುವ ಕಪ್ಪು ಸ್ಪಂಜಿನ ಉಂಡೆ. ಸ್ಪಂಜು ತೆಗೆದು, ಕ್ಯಾಲಿಬ್ರೇಟರ್ ಅನ್ನುವ ಪುಟ್ಟ ಡಬ್ಬಿಯನ್ನು ಜಾಲರಿಯ ಮೇಲೆ ಟೋಪಿಯಂತೆ ತೊಡಿಸಿದರೆ, ಆ ಡಬ್ಬಿ ಒಂದೇ ಸ್ವರದಲ್ಲಿ ತೊಂಬತ್ನಾಲ್ಕು ಡೆಸಿಬೆಲ್ ಕೂಗುತ್ತದೆ. ಮೀಟರೂ ತೊಂಬತ್ನಾಲ್ಕು ಅನ್ನಬೇಕು. ಅಳತೆಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ. ಎರಡಕ್ಕೂ ಒಂದು ಡೆಸಿಬೆಲ್ಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ದಿನಗಳೆಲ್ಲ ಕಸ. ಇಲ್ಲಿ ನಡುವೆ ಇದ್ದದ್ದು ಇಪ್ಪತ್ತೊಂದು ದಿನ, ಇಪ್ಪತ್ತೊಂದು ರಾತ್ರಿ, ಮತ್ತು ಡಲ್ಸಿ ನೊಸ್ಕೆಯ ನಿದ್ದೆ.

ಡಬ್ಬಿ ತಣ್ಣಗಿದೆ, ಅದಕ್ಕೇ ಹೀಗೆ ಎಂದುಕೊಂಡೆ. ಕಂಕುಳಲ್ಲಿ ಹತ್ತು ನಿಮಿಷ ಇಟ್ಟು, ಕೋಳಿಯ ಹಾಗೆ ಕಾವು ಕೊಟ್ಟು, ಮತ್ತೆ ತೊಡಿಸಿದೆ. ತೊಂಬತ್ತೆರಡು ಪಾಯಿಂಟ್ ನಾಲ್ಕು. ಬ್ಯಾಟರಿ ಬದಲಾಯಿಸಿದೆ. ಕೇಬಲ್ಲಿನ ಮೂತಿಯನ್ನು ಅಂಗಿಯ ತುದಿಯಿಂದ ಒರೆಸಿದೆ. ಆಮೇಲೆ ಕೇಬಲ್ಲನ್ನೇ ಬದಲಾಯಿಸಿದೆ. ಕೌಂಟರಿನ ಹಿಂದೆ ಕೂತ ಗುಮಾಸ್ತ ತಲೆಯೆತ್ತದೆ 'ಫಾರಂ ತಪ್ಪಾಗಿದೆ' ಎಂದು ಹೇಳುವ ಹಾಗೆ ಮೀಟರು ಅದನ್ನೇ ಹೇಳಿತು. ಪ್ಯಾಂಟಿನ ಮೊಣಕಾಲು ಒದ್ದೆಯಾಗಿ ಚಳಿ ಮೂಳೆಗೆ ಇಳಿಯುತ್ತಿತ್ತು. ಬೇಲಿಯಾಚೆ ಹನ್ನೆರಡು ಕುರಿಗಳು ಮೇಯುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದವು, ಪರೀಕ್ಷೆಯ ಕೋಣೆಯಲ್ಲಿ ಓಡಾಡುವ ಮೇಷ್ಟರುಗಳ ಮುಖ ಹೊತ್ತು. ಅವುಗಳ ಹಿಂದೆ ದಿಣ್ಣೆ, ದಿಣ್ಣೆಯ ಮೇಲೆ ಸಾಲಾಗಿ ಗಾಳಿಯಂತ್ರಗಳು, ಅವಸರವೇ ಇಲ್ಲದೆ ಮೂರು ಮೂರು ಕೈ ಬೀಸುತ್ತ. ವಾಯುವ್ಯದ ಗಾಳಿಯಿತ್ತು. ಆ ಗಾಳಿಯಲ್ಲಿ ಒಂದೊಂದು ರೆಕ್ಕೆ ಕಂಬದ ಮುಂದೆ ಹಾಯುವಾಗಲೂ ದೂರದ ಮನೆಯಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ ಒಂದು ದುಬ್ ಕೇಳಿಸುತ್ತದೆ. ಹಗಲು ಅದು ಏನೂ ಅಲ್ಲ. ದಿಂಬಿಗೆ ಕಿವಿಯಿಟ್ಟು ಮಲಗಿದವರಿಗೆ ಮಾತ್ರ ಅದು ಏನೆಂದು ಗೊತ್ತು. ಐದನೆಯ ಸಲ ಡಬ್ಬಿ ತೊಡಿಸುವಾಗ ನನ್ನ ಬಾಯಿಂದ ಬಂದ ಬೈಗುಳವನ್ನು ಕೇಳಿ ಕುರಿಗಳಲ್ಲಿ ಎರಡು ಮೂರ್ಛೆ ಹೋದವು.

"ಏನಂತೆ ನಿನ್ನ ಪೀಪಿ?"

ಡಲ್ಸಿ. ಶಾಲೆಯ ಬಸ್ಸನ್ನು ಶೆಡ್ಡಿನ ಪಕ್ಕ ನಿಲ್ಲಿಸಿ, ಹಳದಿ ಜಾಕೆಟ್ಟನ್ನು ಇನ್ನೂ ಕಳಚದೆ ನೇರ ಇತ್ತ ಬಂದಿದ್ದಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಐವತ್ತಾರು. ಬೆಳಿಗ್ಗೆ ಎಪ್ಪತ್ತು ಕಿಲೋಮೀಟರ್, ಮಧ್ಯಾಹ್ನ ಎಪ್ಪತ್ತು; ಹೊಲದ ಮನೆಗಳಿಂದ ಹತ್ತೊಂಬತ್ತು ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಕಣ್ಣ ಕೆಳಗೆ ಯಾರೋ ಹೆಬ್ಬೆಟ್ಟಿನಿಂದ ಮಸಿ ಒತ್ತಿದ ಹಾಗೆ ಎರಡು ಗುರುತು.

"ದೊಡ್ಡವರು ಮಾತಾಡೋವಾಗ ನಡುವೆ ಬಾಯಿ ಹಾಕ್ಬಾರ್ದು ಡಲ್ಸಿ," ಎಂದೆ.

"ದೊಡ್ಡವರಾ? ಬೆರಳಷ್ಟಿದೆ." ನಕ್ಕಳು, ಆಮೇಲೆ ನಗು ಹಾಗೇ ಉಳಿಯಿತು, ಒಳಗಿನವರು ಎದ್ದು ಹೋದ ಮೇಲೆ ಉರಿಯುತ್ತ ಉಳಿದ ದೀಪದಂತೆ. "ಮೂರು ವಾರ, ಮಾರಾಯ. ಈ ಕಡೆ ಒಂದು ಬಟ್ಟೆ ಒಣಗಿಸ್ಲಿಲ್ಲ. ನಾಯೀನ ತಂಗಿ ಮನೇಲಿ ಬಿಟ್ಟು ಬಂದೆ. ಕ್ಲೆಮ್‌ಗೆ ಟ್ರ್ಯಾಕ್ಟರ್ ಮುಟ್ಟಬೇಡ ಅಂದೆ, ಅದಕ್ಕೆ ಮಾತ್ರ ಅವನು ಖುಷಿಯಾಗಿ ಒಪ್ಕೊಂಡ. ಸೀನು ಬಂದ್ರೆ ಒಳಗೋಡಿ ಸೀನ್ತಿದ್ದೆ. ಈಗ ಹೇಳು, ನಲವತ್ತು ದಾಟಿದೆಯಾ?"

ನಲವತ್ತು ಡೆಸಿಬೆಲ್. ಅವಳ ಮನೆಯ ಗೋಡೆಯ ಹತ್ತಿರ ಗಾಳಿಯಂತ್ರಗಳ ಸದ್ದು ಅದನ್ನು ದಾಟಿದ್ದರೆ ರಾತ್ರಿ ಹೊತ್ತು ಹತ್ತಿರದ ನಾಲ್ಕು ಯಂತ್ರ ನಿಲ್ಲಿಸಬೇಕು. ದಾಟದಿದ್ದರೆ ಅವಳದ್ದು ಬರೀ ಗೊಣಗಾಟ. ಗಾಳಿಯಂತ್ರದ ಕಂಪನಿಯವರು ತಾವೇ ಅಳೆದು ಮೂವತ್ತೊಂಬತ್ತೂವರೆ ಎಂದಿದ್ದರು. ನಾಲ್ಕು ವರ್ಷ ಕಾಗದ ಬರೆದ ಮೇಲೆ ಬೇರೆಯವರಿಂದ ಒಂದೇ ಒಂದು ಸಲ ಅಳೆಸಲು ಒಪ್ಪಿಗೆ ಸಿಕ್ಕಿತ್ತು. ಅವಳ ದೂರಿನ ವಿಚಾರಣೆ ಇದೇ ಗುರುವಾರ. ಸದ್ದನ್ನು ಮನೆಗೆ ತರುವ ವಾಯುವ್ಯದ ಗಾಳಿ ಈ ಸಲದ್ದು ಮುಗಿಯುತ್ತ ಬಂತು, ಇನ್ನು ಮುಂದಿನ ಚಳಿಗಾಲಕ್ಕೆ.

ಹೇಳಬೇಕಾದದ್ದು ನನ್ನ ನಾಲಗೆಯ ತುದಿಯಲ್ಲಿತ್ತು. ಆದರೆ ನನ್ನ ನಾಲಗೆ ನನ್ನ ಮಾತು ಕೇಳುವುದಕ್ಕೆ ಮುಂಚೆ ಹೊರಟುಬಿಡುವ ಕುದುರೆ.

"ಕೊರೆಲ್ಲಾಗಳು!" ಎಂದೆ. "ಬಿಳಿ ಗಿಳಿಗಳು, ಡಲ್ಸಿ! ಬಂದು ಕೂತು ಕಚ್ಚಿ ಹಾಕಿವೆ. ಒಂದೆರಡಲ್ಲ, ಗುರುತು ನೋಡಿದ್ರೆ ನಲವತ್ತು ಸಾವಿರ ಇರ್ಬೇಕು. ಮೈಕು ಏಟು ತಿಂದಿದೆ. ಒಂದು ಪಾಯಿಂಟ್ ಆರು ಕಡಿಮೆ ತೋರಿಸ್ತಿದೆ."

"ನಲವತ್ತು ಸಾವಿರ," ಎಂದಳು ನಿಧಾನವಾಗಿ. "ನಾನು ಎಲ್ಲಿದ್ದೆ ಆಗ?"

"ಬಸ್ಸಲ್ಲಿ."

ಅವಳು ಸ್ವಲ್ಪ ಹೊತ್ತು ದಿಣ್ಣೆಯ ಕಡೆ ನೋಡಿದಳು. "ಅಂದ್ರೆ ಮೂರು ವಾರದ್ದು ಹೋಯ್ತಾ?" ಉತ್ತರಕ್ಕೆ ಕಾಯಲಿಲ್ಲ. "ಟೀ ಇಡ್ತೀನಿ ಬಾ. ಜರ್ಮನ್ ಕೇಕ್ ಮಾಡಿದ್ದೆ, ನೀನು ಬರ್ತೀಯ ಅಂತ," ಎಂದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳ ತಿನ್ನುವುದರಲ್ಲಿ ಇಡೀ ಖಂಡಕ್ಕೆ ನಾನು ಮೊದಲಿಗ. ಕೇಕು ಕೊಡುವವರ ಎದುರು ಮಾತ್ರ ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಸಾಮಾನನ್ನೆಲ್ಲ ಪಿಕಪ್ಪಿಗೆ ಹೊತ್ತು ತಂದು, ಬಾಗಿಲು ಹಾಕಿಕೊಂಡು ಕೂತೆ. ಸ್ಪಂಜಿನ ಉಂಡೆ ಮಡಿಲಲ್ಲಿತ್ತು. ದುಂಡಗೆ, ನುಣ್ಣಗೆ, ಅಂಗಡಿಯಿಂದ ಬಂದ ದಿನದ ಹಾಗೆ. ನಲವತ್ತು ಸಾವಿರ ಗಿಳಿಗಳಲ್ಲಿ ಒಂದಕ್ಕೂ ಕೊಕ್ಕಿರಲಿಲ್ಲವೇ ಎಂದು ಯಾರಾದರೂ ಕೇಳಬಹುದಿತ್ತು. ನಮ್ಮ ಮನೆಯಲ್ಲಿ ಐದು ಜನ ಗಂಡುಮಕ್ಕಳು, ನಾನು ನಾಲ್ಕನೆಯವನು. ಊಟದ ಮೇಜಿನಲ್ಲಿ ಒಂದನ್ನು ಹತ್ತು ಮಾಡಿ ಹೇಳದಿದ್ದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ, ಆಲೂಗಡ್ಡೆಯ ಬಟ್ಟಲು ನನ್ನ ತನಕ ಬರುತ್ತಿರಲಿಲ್ಲ. ನದಿಯಲ್ಲಿ ಹಾವು ಕಂಡೆ ಅಂದರೆ ಅಣ್ಣಂದಿರು ಅಗಿಯುತ್ತಲೇ ಇರುತ್ತಿದ್ದರು. ಹಾವು ನನ್ನ ಕಾಲಿಗೆ ಮೂರು ಸುತ್ತು ಹಾಕಿ ಹೆಸರು ಕೇಳಿತು ಅಂದರೆ ಅಪ್ಪ ಚಾಕು ಕೆಳಗಿಟ್ಟು, 'ಮತ್ತೆ ನೀನೇನು ಹೇಳಿದೆ?' ಎನ್ನುತ್ತಿದ್ದ. ಹಾವು ಇರಲೇ ಇಲ್ಲ ಎಂದು ಅವನಿಗೂ ಗೊತ್ತಿತ್ತು. ಆ ಒಂದು ನಿಮಿಷ ಮಾತ್ರ ನನ್ನದು. ಚಾಕು ಹುಡುಕಿದೆ, ಪಿಕಪ್ಪಿನಲ್ಲಿ ಇರಲಿಲ್ಲ. ಕತ್ತರಿ ಇರಲಿಲ್ಲ. ಐವತ್ನಾಲ್ಕು ವರ್ಷದ, ಮೀಸೆ ನರೆತ, ಸಾವಿರ ಡೆಸಿಬೆಲ್ಲಿಗೆ ಹೆದರದ ಗಂಡಸು ನಾನು, ಸ್ಪಂಜಿನ ಉಂಡೆಯನ್ನು ಬಾಯಿಗೆ ತಂದು ಕಚ್ಚಿದೆ. ಧೂಳಿನ ರುಚಿ, ಕುರಿಯ ವಾಸನೆ. ಕಚ್ಚಿ ಎಳೆದು ಕಿಟಕಿಯಿಂದ ಉಗುಳಿದೆ. ಇನ್ನೊಂದು ಕಡೆ ಕಚ್ಚಿದೆ. ಕನ್ನಡಿಯಲ್ಲಿ ನೋಡಿಕೊಳ್ಳಬಾರದಿತ್ತು, ನೋಡಿಕೊಂಡೆ. ಅಲ್ಲಿ ಕೂತವನು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ಕಂಡು ನಾಚಿಕೊಂಡ.

ಅಡುಗೆಮನೆ ಬೆಚ್ಚಗಿತ್ತು. ಡಲ್ಸಿಯ ಗಂಡ ಕ್ಲೆಮ್ ಕಿಟಕಿಯ ಪಕ್ಕ ಪದಬಂಧ ತುಂಬುತ್ತ ಕೂತಿದ್ದ. ನಲವತ್ತು ವರ್ಷ ಉಣ್ಣೆ ಕತ್ತರಿಸುವ ಶೆಡ್ಡಿನ ಎಂಜಿನ್ನಿನ ಪಕ್ಕದಲ್ಲಿ ದುಡಿದು ಅವನ ಕಿವಿ ಹೋಗಿದೆ. ಗಾಳಿಯಂತ್ರ ಅವನ ದಿಂಬಿನ ಮೇಲೆ ತಿರುಗಿದರೂ ಗೊರಕೆ ಹೊಡೆಯುತ್ತಾನೆ. ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಅವರ ಇಂಟರ್ನೆಟ್ಟಿಗೆ ಜೋಡಿಸಿ, ಇಪ್ಪತ್ತೊಂದು ದಿನದ ಕಡತವನ್ನು ಅಡಿಲೇಡಿನ ಆಫೀಸಿಗೆ ಕಳಿಸಲು ಹಚ್ಚಿದೆ. ಪಕ್ಕದಲ್ಲಿ ಸಾಕ್ಷಿಯಂತೆ ಸ್ಪಂಜನ್ನು ಇಟ್ಟೆ.

"ಡಲ್ಸಿ, ಅವನಿಗೆ ದೊಡ್ಡ ತುಂಡು ಕೊಡು," ಎಂದ ಕ್ಲೆಮ್, ಕಿವುಡರು ಮಾತಾಡುವಷ್ಟು ಜೋರಾಗಿ. "ಪಾಪ, ಗಾಡೀಲಿ ಕೂತು ಏನೋ ಕಪ್ಪಗಿದ್ದಿದ್ದನ್ನ ಕಚ್ಚಿ ಕಚ್ಚಿ ತಿಂತಿದ್ದ. ತುಂಬಾ ಹಸಿದಿರ್ಬೇಕು."

ಡಲ್ಸಿ ಕೇಕು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ತಟ್ಟೆಯನ್ನು ನನ್ನ ಮುಂದಿಟ್ಟಳು. ಸ್ಪಂಜನ್ನು ಎತ್ತಿ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು.

"ಕೊರೆಲ್ಲಾ ಬಂದಿದ್ರೆ ಇದು ಉಳೀತಾನೇ ಇರ್ಲಿಲ್ಲ," ಎಂದಳು. "ಹೋದ ವರ್ಷ ನನ್ನ ಬಸ್ಸಿನ ವೈಪರ್ ರಬ್ಬರ್ ಪೂರ್ತಿ ಸಿಪ್ಪೆ ಸುಲಿದು ಹಾಕಿದ್ವು. ಮರ್ವ್, ನಿನ್ನ ಮೀಸೇಲಿ ಏನೋ ಇದೆ."

ಒರೆಸಿಕೊಂಡೆ. ಕೈಗೆ ಕಪ್ಪು ಚೂರು ಬಂತು. ಈ ಭೂಮಿಯ ಮೇಲೆ ನಾನು ಪಟ್ಟ ಅವಮಾನಗಳನ್ನೆಲ್ಲ ಒಂದು ಹಡಗಿಗೆ ತುಂಬಿದರೆ ಹಡಗು ಮುಳುಗುತ್ತದೆ. ಆದರೂ ಆ ಚೂರಿನಷ್ಟು ಭಾರ ಯಾವುದಕ್ಕೂ ಇರಲಿಲ್ಲ. ಕೋಪ ಬಂದಿದೆಯೆ ಎಂದು ಡಲ್ಸಿಯ ಮುಖ ನೋಡಿದೆ, ದಣಿವು ಕಂಡಿತು. ಸಿಟ್ಟು ಮಾಡಲು ಬೇಕಾದ ನಿದ್ದೆ ಕೂಡ ಅವಳಲ್ಲಿ ಉಳಿದಿರಲಿಲ್ಲ. ನನಗೆ ಕಲಿಸಿದ ಮುದುಕ ಹೇಳುತ್ತಿದ್ದ, ಬಯಲಿನಲ್ಲಿ ಜಾಲರಿಯ ಮುಚ್ಚಳಕ್ಕೆ ಕೈ ಹಾಕಿದ ದಿನ ನೀನು ಈ ಕೆಲಸ ಬಿಟ್ಟು ಹಂದಿ ಸಾಕು, ಅವುಗಳ ಪೊರೆ ದಪ್ಪ. ಲ್ಯಾಬಿನಲ್ಲಿ, ಕೈ ತೊಳೆದು, ಉಸಿರು ಪಕ್ಕಕ್ಕೆ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಮಾತ್ರ. ಮೂರು ವಾರದ ಹಿಂದೆ ಮೈಕು ನಿಲ್ಲಿಸಿದ ಆ ಬೆಳಿಗ್ಗೆ ಮಂಜು ಎಷ್ಟು ಚೆಂದವಾಗಿ ಇಳಿದಿತ್ತೆಂದರೆ, ಎಂದು ನೆನೆಯಲು ಹೊರಟು ನಿಲ್ಲಿಸಿದೆ. ಗೋಡೆಯ ಫೋನು ಹೊಡೆದುಕೊಂಡಿತು. ಆ ಮನೆಯಿರುವುದು ತಗ್ಗಿನಲ್ಲಿ, ಅಲ್ಲಿ ಮೊಬೈಲು ಸತ್ತ ಹಾಗೆ.

ಲಿಯೆನ್ ಡಾವ್. ನಮ್ಮ ಇಂಜಿನಿಯರ್, ವಯಸ್ಸಿನಲ್ಲಿ ನನಗಿಂತ ಹದಿನಾರು ವರ್ಷ ಚಿಕ್ಕವಳು, ವರದಿಗೆ ಸಹಿ ಅವಳದ್ದು. ನಾನು ಮೈಕಿನ ಕಂಬ ನಿಲ್ಲಿಸುವವನು. ನನ್ನ ಸಹಿಗೆ ಕೋರಿಯರ್ ಹುಡುಗನ ಚೀಟಿಯ ಮೇಲೆ ಬಿಟ್ಟರೆ ಬೆಲೆಯಿಲ್ಲ. ಅವಳು ಮಾತಾಡುವುದು ಕಡಿಮೆ, ನಾನು ಹೇಳಿದ್ದನ್ನೆಲ್ಲ ಹತ್ತು ಸಾವಿರದಿಂದ ಭಾಗಿಸಿ ಬರೆದುಕೊಳ್ಳುತ್ತಾಳೆ. ಡಲ್ಸಿ ಫೋನಿನ ಸ್ಪೀಕರ್ ಒತ್ತಿದಳು.

"ಮರ್ವ್, ಕಡತ ಬಂತು. ಕೊನೆ ಕ್ಯಾಲಿಬ್ರೇಷನ್ ತೊಂಬತ್ತೆರಡು ಪಾಯಿಂಟ್ ನಾಲ್ಕು. ಏನಾಯ್ತು?"

"ಕೊರೆಲ್ಲಾಗಳು ಲಿಯೆನ್. ನಲವತ್ತು ಸಾವಿರ."

"ಅಂದ್ರೆ ನಾಲ್ಕು."

"ಎರಡು," ಎಂದಳು ಡಲ್ಸಿ ಪಕ್ಕದಿಂದ. "ನೀರಿನ ಟ್ಯಾಂಕ್ ಮೇಲೆ ಎರಡಿದ್ವು. ಕೆಳಗೆ ಇಳೀಲೇ ಇಲ್ಲ. ನಾನು ಡಲ್ಸಿ ನೊಸ್ಕೆ."

"ನಮಸ್ಕಾರ ಡಲ್ಸಿ. ಒಂದ್ನಿಮಿಷ." ಆ ಕಡೆ ಕೀಲಿಮಣೆ ತಟ್ಟುವ ಸದ್ದು. ನನಗೆ ಅದು ಏನು ಎಂದು ಗೊತ್ತಿತ್ತು. ಹೊರಗೆ ನಿಲ್ಲಿಸುವ ನಮ್ಮ ಮೈಕು ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ತನ್ನ ಪೊರೆಯನ್ನು ತಾನೇ ವಿದ್ಯುತ್ತಿನಿಂದ ಒಂದು ಸಲ ತಟ್ಟಿ ನೋಡಿಕೊಂಡು, ತಾನು ಹೇಗಿದ್ದೇನೆಂದು ಬರೆದಿಡುತ್ತದೆ. ಅದನ್ನು ಮರೆಯಬಹುದಾದ ಮನುಷ್ಯ ನಾನಲ್ಲ. ಮರೆತಿದ್ದೆ. ಇಲ್ಲ, ಮರೆತಿರಲೂ ಇಲ್ಲ. ನೆನಪಿದ್ದದ್ದನ್ನು ಅದು ನೆನಪಲ್ಲ ಎಂದುಕೊಂಡು ಅದರ ಮೇಲೆ ನಲವತ್ತು ಸಾವಿರ ಹಕ್ಕಿಗಳನ್ನು ಕೂರಿಸಿದ್ದೆ.

"ಇಪ್ಪತ್ತೊಂದು ದಿನದ ಮಧ್ಯಾಹ್ನದ ಲೆಕ್ಕಾನೂ ಒಂದೇ ಇದೆ," ಎಂದಳು ಲಿಯೆನ್. "ಕೂದಲಷ್ಟೂ ಅಲ್ಲಾಡಿಲ್ಲ. ಮೊದಲ ದಿನ ಹನ್ನೆರಡಕ್ಕೇ ಒಂದು ಪಾಯಿಂಟ್ ಆರು ಕಡಿಮೆ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ನೀನು ಕ್ಯಾಲಿಬ್ರೇಟ್ ಮಾಡಿದಾಗ ತೊಂಬತ್ನಾಲ್ಕು ಸರಿಯಾಗಿತ್ತು. ಏನಾಗಿದ್ರೂ ಅದು ಮೊದಲ ದಿನ, ಒಂಬತ್ತೂ ಇಪ್ಪತ್ತರಿಂದ ಹನ್ನೆರಡರ ಒಳಗೆ ಆಗಿದೆ. ನೀನು ಅಲ್ಲಿಂದ ಹೊರಟಿದ್ದು ಎಷ್ಟೊತ್ತಿಗೆ?"

"ಹತ್ತೂವರೆಗೆ."

"ಹಂ."

ಆ 'ಹಂ' ಎಷ್ಟು ಡೆಸಿಬೆಲ್ ಎಂದು ನಾನು ಹೇಳಬಲ್ಲೆ. ಗೋಡೆಯ ಮೇಲಿನ ಗಡಿಯಾರ ಅದಕ್ಕೆ ನಿಂತುಹೋಯಿತು. ಡಲ್ಸಿ ತನ್ನ ಲೋಟಕ್ಕೆ ಹಾಲು ಹಾಕಿಕೊಳ್ಳುತ್ತ, ಪಾಪದವಳು, ನನಗೆ ಸಹಾಯ ಮಾಡುವವಳ ದನಿಯಲ್ಲಿ ಹೇಳಿದಳು:

"ಆವತ್ತು ಎಲ್ಲ ಚೆನ್ನಾಗೇ ಇತ್ತಮ್ಮ. ಇವನು ತುಂಬ ನೀಟಾಗಿ ಮಾಡ್ದ. ಆ ಮುಚ್ಚಳ ಬಿಚ್ಚಿ ಒಳಗಡೆ ಕೂಡ ತೋರಿಸ್ದ ನಂಗೆ. ಎಷ್ಟು ಚೆಂದ ಇತ್ತು ಗೊತ್ತಾ, ಸಣ್ಣ ಕನ್ನಡಿ ಥರ, ನನ್ನ ಮುಖ ಕಾಣ್ತಿತ್ತು."

ಕ್ಲೆಮ್ ಪೆನ್ಸಿಲ್ಲಿನ ತುದಿಯಿಂದ ಕಿವಿ ಕೆರೆದುಕೊಂಡ.

"ಮುಚ್ಚಳ ಬಿಚ್ಚಿದ್ಯಾ?" ಎಂದಳು ಲಿಯೆನ್. "ಬಯಲಲ್ಲಿ?"

"ಗಾಳಿಯೇ ಇರ್ಲಿಲ್ಲ ಲಿಯೆನ್. ಒಂದು ಧೂಳಿನ ಕಣ ಹಾರಿದ್ರೆ ನಾನು ಗಾಳೀಲೇ ಹಿಡೀತಿದ್ದೆ. ಎರಡು ಸೆಕೆಂಡು. ಒಂದೂವರೆ."

"ಬರೀ ಬಿಚ್ಚಿದ್ದಕ್ಕೆ ಒಂದು ಪಾಯಿಂಟ್ ಆರು ಹೋಗಲ್ಲ."

"ಮಂಜಿತ್ತು. ತೇವ ಕೂತಿರ್ಬೇಕು."

"ತೇವ ಆದ್ರೆ ಒಣಗುತ್ತೆ. ಇದು ಮೂರು ವಾರ ಒಂದೇ ಕಡೆ ನಿಂತಿದೆ." ಅವಳ ದನಿ ಏರಲಿಲ್ಲ, ಏರಿದ್ದರೆ ಜಗಳವಾಡಬಹುದಿತ್ತು, ಜಗಳದಲ್ಲಿ ನನ್ನನ್ನು ಮೀರಿಸುವವರಿಲ್ಲ. "ಮರ್ವ್, ಕೇಳು. ಡಲ್ಸಿ, ನೀವೂ ಕೇಳಿ. ವಾಯುವ್ಯದ ಗಾಳಿ ಬೀಸಿದ ಹೊತ್ತಿನ ಸರಾಸರಿ ಇಲ್ಲಿ ಮೂವತ್ತೊಂಬತ್ತು ಪಾಯಿಂಟ್ ಒಂದು ತೋರಿಸ್ತಿದೆ. ಮೈಕು ಅಷ್ಟೂ ದಿನ ಒಂದು ಪಾಯಿಂಟ್ ಆರು ಕಡಿಮೆ ಕೇಳ್ತಿತ್ತು. ಅಂದ್ರೆ ನಿಜವಾದ ಸದ್ದು ನಲವತ್ತು ಪಾಯಿಂಟ್ ಏಳು."

ಡಲ್ಸಿ ಲೋಟ ಕೆಳಗಿಟ್ಟಳು. "ದಾಟಿದೆ," ಎಂದಳು.

"ದಾಟಿದೆ. ಆದ್ರೆ ಮೈಕು ಯಾಕೆ ಕೆಟ್ಟಿತು ಗೊತ್ತಿಲ್ಲ ಅಂತ ಬರೆದ್ರೆ, ಆ ಕಡೆಯವರ ವಕೀಲ ಇಡೀ ಕಡತ ಎತ್ತಿ ಎಸೀತಾನೆ, ಎಸೆಯೋದು ನ್ಯಾಯಾನೇ. ಹಕ್ಕಿ, ತೇವ, ಧೂಳು ಅಂತ ಬರೆದ್ರೂ ಅಷ್ಟೇ. ಏನಾಯ್ತು, ಯಾವಾಗಾಯ್ತು, ಕೆಟ್ಟ ಮೇಲೆ ಬದಲಾಗ್ಲಿಲ್ಲ, ಈ ಮೂರೂ ಗೊತ್ತಿದ್ರೆ ತಿದ್ದುಪಡಿ ಹಾಕಿ ನಾನು ಸಹಿ ಮಾಡ್ತೀನಿ. ಅಲ್ಲಿ ಬಂದು ಯಾರ ಎದುರು ಬೇಕಾದ್ರೂ ಹೇಳ್ತೀನಿ. ಮೂರನೇದು ನನ್ನ ಹತ್ರ ಇದೆ. ಮೊದಲಿನ ಎರಡು ಇಲ್ಲ. ಅದನ್ನ ಬರೆದು ಕೊಟ್ಟವರನ್ನ ಆಮೇಲೆ ನಾನು ಹೊರಗಡೆ ಕೆಲಸಕ್ಕೆ ಕಳಿಸಕ್ಕಾಗಲ್ಲ ಮರ್ವ್. ಅದೂ ನಿಂಗೆ ಗೊತ್ತಿರ್ಲಿ."

ಹೊರಗಿನ ಕೆಲಸವಿಲ್ಲ ಅಂದರೆ ಕಿಟಕಿಯಿಲ್ಲದ ಉಗ್ರಾಣ. ಬೇರೆಯವರು ತಂದುಹಾಕಿದ ಕೇಬಲ್ಲು ಸುತ್ತಿಡುವುದು, ತೇವ ಹೀರುವ ಕಾಳಿನ ಚೀಲ ಬದಲಾಯಿಸುವುದು, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು. ಯಾವ ಹೊಲದ ಬೇಲಿಯೂ ಇಲ್ಲ, ಮೂರ್ಛೆ ಹೋಗುವ ಕುರಿಗಳಿಲ್ಲ, ಬಾಯಿ ಬಿಟ್ಟುಕೊಂಡು ಕೇಳುವ ಯಾವ ಅಡುಗೆಮನೆಯೂ ಇಲ್ಲ. ಗೊತ್ತಿಲ್ಲ ಅಂದುಬಿಡಬಹುದಿತ್ತು. ನೋಡಿದವರು ಯಾರೂ ಇರಲಿಲ್ಲ. ಡಲ್ಸಿಗೂ ಅರ್ಧ ಮಾತ್ರ ಗೊತ್ತು. ಕೇಕಿನ ಮೇಲಿನ ಸಕ್ಕರೆ ಪುಡಿಯನ್ನು ಬೆರಳಿನಿಂದ ಒತ್ತುತ್ತ ಕೂತೆ. ಒತ್ತುತ್ತಿದ್ದ ಬೆರಳನ್ನು ನೋಡಿ ಕೈಯನ್ನು ಮೇಜಿನ ಕೆಳಗೆ ಇಳಿಸಿದೆ.

"ಹೋದ ಗುರುವಾರ," ಎಂದಳು ಡಲ್ಸಿ. ನನ್ನ ಕಡೆ ನೋಡುತ್ತಿರಲಿಲ್ಲ, ಕ್ಲೆಮ್‌ನ ಕಡೆ ನೋಡುತ್ತಿದ್ದಳು, ಅವನಿಗೆ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ. "ಹಿಂದಿನ ರಾತ್ರಿ ಪೂರ್ತಿ ದುಬ್ ದುಬ್. ಬೆಳಿಗ್ಗೆ ಹಳೇ ಉಪ್ಪಿನ ಹಳ್ಳದ ತಿರುವು ಬರೋಕ್ಮುಂಚೆ ಕಣ್ಣು ಮುಚ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಎಡಗಡೆ ಚಕ್ರ ಜಲ್ಲಿಗಿಳಿದ ಸದ್ದಿಗೆ ಎಚ್ಚರ ಆಯ್ತು. ಹತ್ತೊಂಬತ್ತು ಮಕ್ಕಳು ಹಿಂದೆ ಹಾಡು ಹೇಳ್ತಿದ್ವು. ಒಬ್ಬರಿಗೂ ಗೊತ್ತಾಗ್ಲಿಲ್ಲ. ಯಾರಿಗೂ ಹೇಳಿಲ್ಲ ನಾನು. ಇದು ಆಗ್ಲಿಲ್ಲ ಅಂದ್ರೆ ಶುಕ್ರವಾರ ಬಸ್ಸಿನ ಕೀಲಿ ಕೊಟ್ಬಿಡೋದು ಅಂತ ಇದ್ದೀನಿ. ಅಷ್ಟೇ."

ನೋಡಿದವರಿಲ್ಲದ ಒಂದು ತಪ್ಪನ್ನು ಅವಳು ಅದರ ಅಳತೆಯಲ್ಲೇ ಹೇಳಿ ಮೇಜಿನ ಮೇಲಿಟ್ಟಳು. ಒಂದು ಚಕ್ರ, ಒಂದು ತಿರುವು, ಹತ್ತೊಂಬತ್ತು ಮಕ್ಕಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಚಕ್ರ ಮೂರು ಸುತ್ತು ಹಾಕಲಿಲ್ಲ, ಬಸ್ಸು ಆಕಾಶಕ್ಕೆ ಹಾರಲಿಲ್ಲ. ಕೇಳುತ್ತಿದ್ದ ನಾನು ಮಾತ್ರ ತಲೆಯೆತ್ತಿ ನೋಡಿದೆ, ಅಪ್ಪ ಚಾಕು ಕೆಳಗಿಟ್ಟು ನೋಡುತ್ತಿದ್ದ ಹಾಗೆ.

"ಒಂಬತ್ತೂ ನಲವತ್ತಕ್ಕೆ," ಎಂದೆ.

"ಏನು ಒಂಬತ್ತೂ ನಲವತ್ತಕ್ಕೆ?" ಎಂದಳು ಲಿಯೆನ್.

"ಡಲ್ಸಿ ಕನ್ನಡಿ ಥರ ಇದೆ ಅಂದ್ಳು. ಮುಟ್ಟಿದ್ರೆ ಏನಾಗುತ್ತೆ ಅಂತ ಕೇಳಿದ್ಳು. ಬೇರೆಯವರು ಮುಟ್ಟಿದ್ರೆ ಸತ್ತೋಗುತ್ತೆ, ನಾನು ಮುಟ್ಟಿದ್ರೆ ಅದಕ್ಕೆ ಗೊತ್ತೇ ಆಗಲ್ಲ ಅಂದೆ."

"ಹೂಂ, ಅಂದಿದ್ದೆ," ಎಂದಳು ಡಲ್ಸಿ. "ಮುಟ್ಟು ನೋಡೋಣ ಅಂದೆ ನಾನು. ಅಷ್ಟರಲ್ಲಿ ಸ್ಕೂಲಿಂದ ಫೋನ್ ಬಂತು, ಯಾವುದೋ ಮಗು ಬುತ್ತಿ ಬಸ್ಸಲ್ಲೇ ಬಿಟ್ಟಿತ್ತು. ಒಳಗೆ ಬಂದೆ. ನಾನು ವಾಪಸ್ ಬರೋ ಹೊತ್ತಿಗೆ ನೀನು ಮುಚ್ಚಳ ಹಾಕ್ತಿದ್ದೆ."

"ಮುಟ್ಟಿದೆ," ಎಂದೆ.

ಕೀಲಿಮಣೆಯ ಸದ್ದು ಶುರುವಾಯಿತು. "ಯಾವ ಬೆರಳು?"

"ಅದೂ ಬೇಕಾ?"

"ಬೇಕು."

"ಬಲಗೈ ತೋರುಬೆರಳು. ಒಂದೇ ಸಲ. ಒತ್ತಲಿಲ್ಲ. ಇಲ್ಲ, ಸ್ವಲ್ಪ ಒತ್ತಿದೆ. ಮಧ್ಯದಲ್ಲಿ ಒಂದು ಗುಳಿ ಬಿತ್ತು, ಸಾಸಿವೆ ಕಾಳಿನಷ್ಟು. ಮತ್ತೆ ಕ್ಯಾಲಿಬ್ರೇಟ್ ಮಾಡ್ಬೇಕಿತ್ತು. ಮಾಡಿದ್ರೆ ನಂಬರ್ ಬರುತ್ತೆ ಅಂತ ಮಾಡ್ಲಿಲ್ಲ. ಮುಚ್ಚಳ ಹಾಕಿ ಬಂದುಬಿಟ್ಟೆ. ಈ ಸ್ಪಂಜು ಕಚ್ಚಿದ್ದೂ ನಾನೇ."

"ಸ್ಪಂಜಿಂದು ಬರೆಯಲ್ಲ," ಎಂದಳು ಲಿಯೆನ್. ಟೈಪು ಮಾಡುವುದನ್ನು ಮುಗಿಸಿದಳು. "ಯಾರೂ ನೋಡ್ತಿರ್ಲಿಲ್ಲ ಅಂದ್ಮೇಲೆ ಯಾಕೆ ಮುಟ್ಟಿದೆ ಮರ್ವ್?"

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರಗಳು ನೂರಿದ್ದವು. ಎಲ್ಲವನ್ನೂ ಬದಿಗಿಟ್ಟೆ.

"ಇಪ್ಪತ್ತೊಂಬತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೆ," ಎಂದೆ. "ಒಂದ್ಸಲ ನಿಜಾನಾ ಅಂತ ನೋಡೋಣ ಅನ್ನಿಸ್ತು."

ಡಲ್ಸಿ ಮೇಜಿನಾಚೆಯಿಂದ ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟಳು.

"ಅದಕ್ಕೆ ಗೊತ್ತಾಯ್ತಾ?"

"ಗೊತ್ತಾಯ್ತು," ಎಂದೆ.